ಫೋನ್ ಹಿಡಿದ ಕೈಗೆ ಒಂದು ಕೆಲಸ

ರಸ್ತೆಯಲ್ಲಿ ಯಾರಾದರೂ ಬಿದ್ದರೆ ಎತ್ತುವವರಿಲ್ಲ, ವಿಡಿಯೊ ತೆಗೆಯುವವರೇ ಎಲ್ಲ ಎಂದು ಬೈಯುವ ಮಾತು ನನ್ನ ಬಸ್ಸಿನಲ್ಲಿ ಆಗಾಗ ಕೇಳುತ್ತಿರುತ್ತದೆ. ಬೈಯುವವರ ಕೈಯಲ್ಲೂ ಅಂಥದ್ದೇ ಒಂದು ವಿಡಿಯೊ ಓಡುತ್ತಿರುತ್ತದೆ, ಪಕ್ಕದ ಸೀಟಿನವರಿಗೆ ತೋರಿಸುತ್ತಲೇ ಬೈಯುತ್ತಾರೆ. ನಾನು ಬಿಎಂಟಿಸಿಯಲ್ಲಿ ಕಂಡಕ್ಟರ್. ಮೆಜೆಸ್ಟಿಕ್‌ನಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ಕಡೆ ಹೋಗುವ ಬಸ್ಸುಗಳಲ್ಲೇ ನನ್ನ ಡ್ಯೂಟಿ ಹೆಚ್ಚು. ನಾಯಂಡಹಳ್ಳಿ ದಾಟಿದ ಮೇಲೆ ಗಾಡಿಗಳ ಓಟ ನೋಡಿದವರಿಗೆ ಗೊತ್ತು, ಅಲ್ಲಿ ಬಿದ್ದವರನ್ನು ನೋಡದೆ ಒಂದು ಮಳೆಗಾಲ ಕಳೆಯುವುದಿಲ್ಲ. ಅಂಥ ಹೊತ್ತಿನಲ್ಲಿ ಸುತ್ತ ನಿಂತ ಜನರಿಂದ ಕೆಲಸ ತೆಗೆಯುವುದನ್ನು ನಾನು ನಿಧಾನಕ್ಕೆ ಕಲಿತೆ. ಅದನ್ನೇ ಬರೆಯುತ್ತಿದ್ದೇನೆ.

ಕಂಡಕ್ಟರ್ ಲೈಸೆನ್ಸ್ ಮಾಡಿಸುವಾಗ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಇಡಬೇಕು. ಹಾಗಾಗಿ ನಾವೆಲ್ಲ ಆ ಕ್ಲಾಸಿನಲ್ಲಿ ಕೂತು ಬಂದವರೇ. ಗಾಯ, ಮೂಳೆ ಮುರಿತ, ಬ್ಯಾಂಡೇಜು ಎಲ್ಲ ಹೇಳಿಕೊಡುತ್ತಾರೆ. ಆದರೆ ಕ್ಲಾಸಿನಲ್ಲಿ ಬೊಂಬೆ ಒಂದೇ ಮಲಗಿರುತ್ತದೆ, ಅದರ ಸುತ್ತ ಐವತ್ತು ಜನ ಫೋನ್ ಎತ್ತಿಕೊಂಡು ನಿಂತಿರುವುದಿಲ್ಲ. ಆ ಐವತ್ತು ಜನರನ್ನು ನಿಭಾಯಿಸುವ ವಿದ್ಯೆ ನನಗೆ ಬಸ್ಸಿನಿಂದಲೇ ಬಂತು.

ಚಿಲ್ಲರೆ ವಿಷಯವನ್ನೇ ನೋಡಿ. ಯುಪಿಐ ಬರುವ ಮೊದಲು, ಬೆಳಗಿನ ಮೊದಲ ಟ್ರಿಪ್ಪಿನಲ್ಲಿ “ಯಾರ ಹತ್ರ ಆದ್ರೂ ಐನೂರಕ್ಕೆ ಚಿಲ್ರೆ ಇದೆಯಾ?” ಎಂದು ಇಡೀ ಬಸ್ಸಿಗೆ ಕೇಳಿದರೆ ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದರು. ಅದೇ ಮೂರನೇ ಸೀಟಿನವರ ಮುಂದೆ ನಿಂತು “ಅಮ್ಮಾ, ನೀವೊಂಚೂರು ಪರ್ಸ್ ನೋಡಿ” ಎಂದರೆ, ಇಲ್ಲದಿದ್ದರೂ ಪಕ್ಕದವರನ್ನು ಕೇಳಿಯಾದರೂ ಕೊಡಿಸುತ್ತಿದ್ದರು. ಎಲ್ಲರಿಗೂ ಹೇಳಿದ ಮಾತು ಯಾರಿಗೂ ಹೇಳಿದ ಹಾಗಲ್ಲ.

ನನ್ನ ಮಗಳು ನರ್ಸಿಂಗ್ ಓದುತ್ತಾಳೆ. ಇದನ್ನು ಕೇಳಿ ಅವಳು ತನ್ನ ಮನಶ್ಶಾಸ್ತ್ರದ ಪಾಠ ತೆಗೆದಳು. 1968ರಲ್ಲಿ ಅಮೆರಿಕದಲ್ಲಿ ಡಾರ್ಲಿ ಮತ್ತು ಲಾತಾನೆ ಎಂಬ ಇಬ್ಬರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರಂತೆ. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನಿನಲ್ಲಿ ಯಾರಿಗೋ ಫಿಟ್ಸ್ ಬಂದ ದನಿ ಕೇಳಿಸಿದರು. ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ ನೂರಕ್ಕೆ 85 ಜನ ರೋಗಿಯ ಮಾತು ಮುಗಿಯುವುದರೊಳಗೇ ಎದ್ದು ಹೋದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಹಾಗೆ ಎದ್ದವರು 31 ಜನ ಮಾತ್ರ. ಆಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ ಎನ್ನುವುದನ್ನು ಗಮನಿಸಿ. ಸುಮ್ಮನೆ ನಿಲ್ಲುವ ರೋಗ ಮೊದಲಿಂದಲೂ ಇದ್ದದ್ದೇ. ಈಗ ನಿಂತವರ ಕೈಗೆ ಏನೋ ಒಂದು ಸಿಕ್ಕಿದೆ ಅಷ್ಟೆ.

ಒಂದು ಸಂಜೆಯದು ಹೇಳುತ್ತೇನೆ. ರಾಜರಾಜೇಶ್ವರಿ ನಗರದ ಆರ್ಚ್ ದಾಟಿದ್ದೆವು, ಸಣ್ಣ ಮಳೆ. ಊಟ ತಲುಪಿಸುವ ಹುಡುಗನೊಬ್ಬನ ಸ್ಕೂಟರಿಗೆ ಗೂಡ್ಸ್ ಗಾಡಿಯೊಂದು ಸವರಿ, ನಿಲ್ಲಿಸದೆ ಹೋಯಿತು. ಹುಡುಗ ಬಿದ್ದಲ್ಲೇ ಇದ್ದ. ಮೊಣಕಾಲಿನ ಕೆಳಗೆ ಸೀಳಿ ರಕ್ತ ಹರಿಯುತ್ತಿತ್ತು. ನಾವು ಇಳಿಯುವ ಹೊತ್ತಿಗೆ ಜನ ಸೇರಿಯಾಗಿತ್ತು, ಫೋನುಗಳೂ ಮೇಲೆದ್ದಿದ್ದವು.

ಮೊದಲ ಕೆಲಸ ನಮ್ಮ ಡ್ರೈವರಣ್ಣನದು. ಬಿದ್ದವನ ಹಿಂದೆ, ಬರುವ ಗಾಡಿಗಳಿಗೆ ಅಡ್ಡವಾಗಿ ಬಸ್ ನಿಲ್ಲಿಸಿ ನಾಲ್ಕೂ ಇಂಡಿಕೇಟರ್ ಹಾಕುವುದು. ಇದು ಹಾರನ್ ಹೊಡೆಸಿಕೊಳ್ಳುವ ಕೆಲಸ, ಬೈಗುಳವೂ ಧಾರಾಳ. ಆದರೆ ಬಿದ್ದವನಿಗೂ ನೋಡಲು ಓಡಿ ಬಂದವರಿಗೂ ಹಿಂದಿನಿಂದ ಇನ್ನೊಂದು ಗಾಡಿ ಬಂದು ಗುದ್ದುವುದೇ ದೊಡ್ಡ ಅಪಾಯ. ಸಣ್ಣ ಗಾಡಿಯವರು ಇದನ್ನು ಮಾಡಲು ಹೋಗಬೇಡಿ, ಸೈಡಿಗೆ ಹಾಕಿ ಹಿಂದಿನವರಿಗೆ ಕೈ ತೋರಿಸಿ ಸಾಕು.

ಆಮೇಲೆ ನನ್ನ ಸರದಿ.

“ಏ ನೀಲಿ ಟೀ ಶರ್ಟು! ಹೂಂ, ನೀನೇ ಕಣಪ್ಪ. 108 ಒತ್ತು, ಸ್ಪೀಕರ್ ಹಾಕ್ಕೊಂಡು ನನ್ನ ಹತ್ರ ಬಾ.”

ಆ ಹುಡುಗ ವಿಡಿಯೊ ತೆಗೆಯುತ್ತಿದ್ದವನೇ. ಬೇಕೆಂದೇ ಅವನನ್ನು ಕರೆದೆ, ಫೋನ್ ಲಾಕ್ ತೆಗೆದು ಕೈಯಲ್ಲೇ ಇಟ್ಟುಕೊಂಡಿದ್ದ ನೋಡಿ. “ಯಾರಾದ್ರೂ ಆಂಬುಲೆನ್ಸಿಗೆ ಫೋನ್ ಮಾಡ್ರಪ್ಪಾ” ಎಂದು ಕೂಗಿದ್ದರೆ ಎಲ್ಲರೂ ಇನ್ಯಾರೋ ಮಾಡುತ್ತಾರೆ ಅಂದುಕೊಳ್ಳುತ್ತಿದ್ದರು. ಶರ್ಟಿನ ಬಣ್ಣ, ಬ್ಯಾಗು, ಕನ್ನಡಕ, ಏನಾದರೂ ಒಂದು ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದರೆ ಆ ಮನುಷ್ಯನಿಗೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ.

ಬೈಯುವುದನ್ನು ಮಾತ್ರ ನಾನು ಮಾಡುವುದಿಲ್ಲ. “ನಾಚಿಕೆ ಆಗಲ್ವಾ ನಿಮ್ಗೆ” ಎಂದರೆ ಎರಡು ಹೆಜ್ಜೆ ಹಿಂದೆ ಹೋಗಿ ಅಲ್ಲಿಂದ ತೆಗೆಯುತ್ತಾರೆ. ಬೈದ ನನ್ನನ್ನೂ ಸೇರಿಸಿ ತೆಗೆಯುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಮುಟ್ಟಲು ಭಯ, ಬಿಟ್ಟು ಹೋಗಲು ಮನಸ್ಸಿಲ್ಲ, ಮಾಡುವುದೇನೆಂದು ಗೊತ್ತಿಲ್ಲ. ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಬರೀ ಚಪಲಕ್ಕೆ ತೆಗೆಯುವವರೂ ಇದ್ದಾರೆ, ಇಲ್ಲವೆಂದಲ್ಲ. ಅವರ ಸಂಗತಿ ಮುಂದೆ ಬರುತ್ತದೆ.

108ರವರು ಮೊದಲು ಕೇಳುವುದು ಜಾಗ. “ಮೈಸೂರು ರೋಡು, ಆರ್ಚ್ ಹತ್ರ” ಎಂದರೆ ಸಾಲದು. ನಮ್ಮ ರಸ್ತೆಯ ಪುಣ್ಯ, ಮೇಲೆ ಮೆಟ್ರೊ ಇದೆ, ಪ್ರತಿ ಪಿಲ್ಲರಿಗೂ ನಂಬರ್ ಇದೆ. ಕಾಲೇಜು ಬ್ಯಾಗಿನ ಹುಡುಗಿಯೊಬ್ಬಳನ್ನು ಓಡಿಸಿ ಪಿಲ್ಲರ್ ನಂಬರ್ ನೋಡಿಸಿದೆ. ಅದರ ಜೊತೆಗೆ ಹೇಳಲೇಬೇಕಾದದ್ದು ರಸ್ತೆಯ ಯಾವ ಬದಿ ಎಂಬುದು: ಕೆಂಗೇರಿ ಕಡೆ ಹೋಗುವುದೋ, ಸಿಟಿ ಕಡೆ ಬರುವುದೋ. ಮಧ್ಯೆ ಡಿವೈಡರ್ ಇರುವ ರಸ್ತೆಯಲ್ಲಿ ಆಂಬುಲೆನ್ಸ್ ಎದುರು ಬದಿಗೆ ಬಂದರೆ ಯೂ ಟರ್ನ್ ಹುಡುಕಿಕೊಂಡು ಎಲ್ಲಿಯವರೆಗೆ ಹೋಗಬೇಕೋ. ಎಷ್ಟು ಜನಕ್ಕೆ ಪೆಟ್ಟಾಗಿದೆ, ಎಚ್ಚರ ಇದೆಯಾ, ಉಸಿರಾಡುತ್ತಿದ್ದಾರಾ, ಇಷ್ಟನ್ನೂ ಕೇಳುತ್ತಾರೆ. ಅದಕ್ಕೇ ಸ್ಪೀಕರ್ ಹಾಕಿಸಿ ಹತ್ತಿರ ಕರೆಯುವುದು, ನಾನೇ ಉತ್ತರ ಹೇಳಬಹುದು. ಪೊಲೀಸರಿಗೆ ತಿಳಿಸಲು 112, ಅದಕ್ಕೆ ಇನ್ನೊಬ್ಬರು.

ರಕ್ತ ನಿಲ್ಲಿಸುವುದು ಗ್ಲೌಸ್ ಹಾಕಿಕೊಂಡು ನಾನೇ ಮಾಡಿದೆ. ಒಗೆದ ಹತ್ತಿ ಟವೆಲ್ ಮಡಚಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯುವುದು, ಮಧ್ಯೆ ಮಧ್ಯೆ ತೆಗೆದು ನಿಂತಿತಾ ಎಂದು ಇಣುಕಿ ನೋಡದಿರುವುದು. ಬಟ್ಟೆ ನೆಂದರೆ ಅದನ್ನು ಕೀಳದೆ ಮೇಲೆ ಇನ್ನೊಂದು ಇಟ್ಟು ಒತ್ತಬೇಕು. ಅಷ್ಟರಲ್ಲಿ ಒಬ್ಬರು ಹೆಲ್ಮೆಟ್ ಎಳೆಯಲು ಬಂದರು. ಕತ್ತಿಗೆ ಪೆಟ್ಟಾಗಿದ್ದರೆ ಆ ಎಳೆತದಲ್ಲೇ ಹೆಚ್ಚಾದೀತು. ಹುಡುಗ ಸರಿಯಾಗಿ ಉಸಿರಾಡುತ್ತಾ ಮಾತಾಡುತ್ತಿದ್ದ, ಹಾಗಾಗಿ ಮುಂದಿನ ಗಾಜು ಮೇಲೆತ್ತಿ, ಹೆಲ್ಮೆಟ್ ಹಾಗೇ ಬಿಟ್ಟು, ತಲೆ ಅಲ್ಲಾಡದಂತೆ ಎರಡೂ ಕಡೆ ಹಿಡಿದುಕೊಳ್ಳಲು ಅವರಿಗೇ ಹೇಳಿದೆ. ಇನ್ನೊಬ್ಬರು ನೀರಿನ ಬಾಟಲಿ ತಂದರು. ಬಿದ್ದವರಿಗೆ ನೀರು ಕುಡಿಸದಿದ್ದರೆ ನಮ್ಮ ಜನಕ್ಕೆ ಸಮಾಧಾನವಿಲ್ಲ. ಮಲಗಿದವನಿಗೆ, ಅರ್ಧ ಎಚ್ಚರದಲ್ಲಿರುವವನಿಗೆ ಕುಡಿಸಿದರೆ ಉಸಿರಿನ ಕೊಳವೆಗೆ ಇಳಿಯಬಹುದು. ಬೇಡ ಎಂದಷ್ಟೇ ಹೇಳಿದರೆ ಬೇಜಾರು ಮಾಡಿಕೊಂಡು ಹೊರಟುಬಿಡುತ್ತಾರೆ. “ಅಣ್ಣಾ, ನೀವಿಲ್ಲಿ ಕೂತ್ಕೊಂಡು ಇವನ ಹೆಸರು, ಊರು ಕೇಳ್ತಾ ಇರಿ. ಉತ್ತರ ತಡ ಆಯ್ತು ಅಂದ್ರೆ ನನಗೆ ಹೇಳಿ” ಎಂದೆ. ಆಂಬುಲೆನ್ಸ್ ಬರುವವರೆಗೂ ಪುಣ್ಯಾತ್ಮ ಜಾಗ ಬಿಟ್ಟು ಏಳಲಿಲ್ಲ. ಹುಡುಗನ ಊರಿನ ಜಾತ್ರೆಯ ತನಕ ವಿಚಾರಿಸಿಕೊಂಡಿದ್ದ.

ಇನ್ನು ಚಪಲದವರು. ಒಬ್ಬ ಮಾತ್ರ ಏನು ಹೇಳಿದರೂ ಫೋನ್ ಇಳಿಸಲಿಲ್ಲ, “ನಾನು ಪ್ರೆಸ್ಸು” ಎಂದ. ಯಾವ ಪ್ರೆಸ್ಸೋ. “ಸರಿ ಸಾರ್, ಹಾಗಿದ್ರೆ ಸ್ಕೂಟರ್ ಬಿದ್ದಿರೋ ಜಾಗ, ಟೈರಿನ ಗುರುತು, ಗೂಡ್ಸ್ ಗಾಡೀದು ಒಡೆದು ಬಿದ್ದಿರೋ ಲೈಟಿನ ಚೂರು, ಇದೆಲ್ಲ ತೆಗೀರಿ. ಗಾಡಿ ನಂಬರ್ ಯಾರ ಫೋನಲ್ಲಾದ್ರೂ ಸಿಕ್ಕಿದ್ಯಾ ಕೇಳಿ. ಹುಡುಗನ ಮುಖ ಬೇಡ.” ಇದು ಸಾಗಹಾಕಲು ಹೇಳಿದ ಮಾತಲ್ಲ. ಗುದ್ದಿ ಓಡಿದ ಗಾಡಿ ಸಿಗದೇ ಹೋದರೆ ಸರ್ಕಾರದ ಪರಿಹಾರ ಎಂದು ಸಿಗುವುದು 2022ರ ಯೋಜನೆಯಂತೆ ಸತ್ತರೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಗಾಡಿ ಸಿಕ್ಕರೆ ಅದರ ಇನ್ಶೂರೆನ್ಸಿನಿಂದ ನಷ್ಟಕ್ಕೆ ತಕ್ಕಂತೆ ಕೇಳಬಹುದು. ಒಂದು ನಂಬರ್ ಪ್ಲೇಟಿನ ಫೋಟೊ ಆ ಮನೆಯವರಿಗೆ ಅಷ್ಟು ಬೆಲೆಯದು. ಟ್ರಾಫಿಕ್ ಬಿಡಿಸಲು ಗಾಡಿಗಳನ್ನು ಸರಿಸುವ ಮೊದಲು ಅವು ಇದ್ದ ಹಾಗೇ ತೆಗೆದಿಟ್ಟ ಚಿತ್ರವೂ ಪೊಲೀಸರಿಗೆ ಬೇಕಾಗುತ್ತದೆ. ಹಾಗಾಗಿ ಕ್ಯಾಮೆರಾವೇ ಬೇಡ ಎನ್ನುವವರ ಜೊತೆ ನನಗೆ ಒಪ್ಪಿಗೆಯಿಲ್ಲ.

ಮುಖ ತೆಗೆಯುವುದನ್ನು ತಪ್ಪಿಸಲು ನನ್ನದು ಸುಲಭದ ದಾರಿ. ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸಿನಲ್ಲಿ ಹೆಂಗಸರಿಗೆ ಬರವಿಲ್ಲ. ನಾಲ್ಕು ಜನರನ್ನು ಇಳಿಸಿ, ದುಪಟ್ಟಾ ಬಿಚ್ಚಿ ಅಡ್ಡ ಹಿಡಿಸಿದೆ. ಮಳೆಗೂ ಆಯಿತು, ಕ್ಯಾಮೆರಾಗೂ ಆಯಿತು. ಬಿದ್ದವರು ಹೆಂಗಸಾಗಿ ಬಟ್ಟೆ ಹರಿದಿದ್ದರಂತೂ ಇದು ರಕ್ತ ನಿಲ್ಲಿಸುವಷ್ಟೇ ತುರ್ತಿನ ಕೆಲಸ. ಹೆತ್ತವರಿಗೆ ಸುದ್ದಿ ವಾಟ್ಸ್ಆ್ಯಪ್ ಗ್ರೂಪಿನಿಂದ ಮುಟ್ಟಬಾರದು. ಹುಡುಗನ ಫೋನು ರಿಂಗಾದಾಗ ಒಬ್ಬರೇ ಎತ್ತಿ, ಆಸ್ಪತ್ರೆಯ ಹೆಸರಷ್ಟನ್ನು ಸ್ಪಷ್ಟವಾಗಿ ಹೇಳಲಿ. “ತುಂಬಾ ಸೀರಿಯಸ್ಸು” ಎಂದು ನಾವು ಡಾಕ್ಟರಿಕೆ ಮಾಡುವುದು ಬೇಡ.

ಬಸ್ಸಿನೊಳಗೇ ಯಾರಾದರೂ ಕುಸಿದರೆ ಲೆಕ್ಕ ಬೇರೆ. ಕರೆದರೆ ಎಚ್ಚರವಿಲ್ಲ, ಉಸಿರಿಲ್ಲ ಅಥವಾ ಬಾಯಿ ತೆರೆದು ಎಳೆದೆಳೆದು ತೇಕುತ್ತಿದ್ದಾರೆ ಎಂದಾದರೆ ಸೀಟಿನಿಂದ ಇಳಿಸಿ ನೆಲದ ಮೇಲೆ ಮಲಗಿಸಿ ಎದೆ ಒತ್ತಲು ಶುರು ಮಾಡಬೇಕು. ಎದೆಯ ನಡುವೆ, ಸುಮಾರು 5 ಸೆಂಟಿಮೀಟರ್ ಒಳಕ್ಕೆ ಹೋಗುವಂತೆ, ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೆ ಎಂಥವರ ಕೈಯೂ ಸೋಲುತ್ತದೆ, ಮುಂದೆ ಒತ್ತುವವರನ್ನು ಮೊದಲೇ ಪಕ್ಕದಲ್ಲಿ ಕೂರಿಸಿಕೊಂಡಿರಬೇಕು. ಇಲ್ಲೂ ಫೋನ್ ಎತ್ತಿದ ಹುಡುಗರಿಗೆ ನಾನು ಕೊಡುವ ಕೆಲಸ ಎಣಿಸುವುದು. ಜೋರಾಗಿ ಎಣಿಸುತ್ತಾ ಎರಡು ನಿಮಿಷ ಆಯಿತು ಎಂದು ಕೂಗಬೇಕು. ಎಣಿಸುವವರು ವಿಡಿಯೊ ಮರೆತೇ ಬಿಡುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೂ ಜನ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: “ಮೇಡಂ, ಪೊಲೀಸ್ ಕೇಸು?” ಈ ಭಯ ಸುಳ್ಳಲ್ಲ, ಹಿಂದಿನವರು ಸ್ಟೇಷನ್ನಿಗೂ ಕೋರ್ಟಿಗೂ ಅಲೆದದ್ದನ್ನು ಕೇಳಿಯೇ ಬೆಳೆದವರು ನಾವು. ಆದರೆ ಈಗ ಕಾನೂನು ಬೇರೆ ಇದೆ. ಸುಪ್ರೀಂ ಕೋರ್ಟ್ 2016ರ ಮಾರ್ಚಿನಲ್ಲಿ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ನಮ್ಮ ರಾಜ್ಯವೂ ಅದೇ ವರ್ಷ ಇದಕ್ಕೆಂದೇ ಮಸೂದೆ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಆ ನೆರವಿಗಾಗಿ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂಬ ಒತ್ತಾಯವಿಲ್ಲ. ಆಸ್ಪತ್ರೆಗೆ ಬಿಟ್ಟು ಹೊರಟುಬಿಡಬಹುದು. ಸಾಕ್ಷಿ ಹೇಳಲು ತಾವಾಗಿ ಒಪ್ಪಿದರೆ ಮಾತ್ರ ಹೇಳಿಕೆ, ಅದೂ ಒಂದೇ ಸಲ.

ದುಡ್ಡಿನ ಭಯ ಇದರ ಬೆನ್ನಿಗೇ ಇರುತ್ತದೆ. ಸೇರಿಸಿದವರೇ ಕಟ್ಟಿ ಎಂದು ಆಸ್ಪತ್ರೆಯವರು ಕೇಳುವಂತಿಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು, ಸಾಯುವ ಹೊತ್ತಿನಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದ ಯುವಕನ ಹೆಸರಿನಲ್ಲಿ ಮರುತಿಂಗಳೇ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂದಿತ್ತು: ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ. 2025ರಿಂದ ಕೇಂದ್ರದ ಯೋಜನೆಯಲ್ಲಿ ಅಪಘಾತವಾದ ದಿನದಿಂದ 7 ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ. ಸಿಗ್ನಲ್‌ನಲ್ಲಿ ಬಸ್ ನಿಂತಾಗ ಇದನ್ನೆಲ್ಲ ಜನಕ್ಕೆ ಹೇಳುತ್ತಿರುತ್ತೇನೆ. ನಾಯಂಡಹಳ್ಳಿ ಸಿಗ್ನಲ್ ಅದಕ್ಕೆ ಬೇಕಾದಷ್ಟು ಸಮಯ ಕೊಡುತ್ತದೆ.

2017ರಲ್ಲಿ ಕೊಪ್ಪಳದಲ್ಲಿ ಸೈಕಲ್ ಮೇಲಿದ್ದ 18 ವರ್ಷದ ಹುಡುಗನಿಗೆ ಬಸ್ಸು ಗುದ್ದಿ, ಅವನು ರಸ್ತೆಯಲ್ಲಿ ಒದ್ದಾಡುತ್ತಾ ನೆರವು ಕೇಳುತ್ತಿದ್ದ ವಿಡಿಯೊ ದೇಶವೆಲ್ಲ ಸುತ್ತಿತು. ಸುತ್ತ ನಿಂತವರು ತೆಗೆದದ್ದು. ಹುಡುಗ ಉಳಿಯಲಿಲ್ಲ. ಆಗ ಎಲ್ಲರೂ ಮಾನವೀಯತೆ ಸತ್ತಿತು ಎಂದರು. ನಾನು ಆ ವಿಡಿಯೊದಲ್ಲಿ ಹುಡುಕಿದ್ದು ಬೇರೆ: ಅಷ್ಟು ಜನರಲ್ಲಿ “ಏ, ನೀನು ಬಾ ಇಲ್ಲಿ” ಎಂದು ಕೂಗುವ ಒಂದು ಗಂಟಲು. ಅಂಥ ಗಂಟಲು ನಮ್ಮ ಕಂಡಕ್ಟರುಗಳಿಗಿದೆ, ಮೇಷ್ಟರುಗಳಿಗಿದೆ, ಮಾರ್ಕೆಟ್ಟಿನಲ್ಲಿ ಹೂವು ಮಾರುವವರಿಗಿದೆ.

ನನ್ನ ಬ್ಯಾಗಿನಲ್ಲಿ ಟಿಕೆಟ್ ಮೆಷಿನ್ನಿನ ಪಕ್ಕ ಈಗ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ: ಎರಡು ಜೊತೆ ಗ್ಲೌಸ್, ಒಗೆದ ಎರಡು ಹತ್ತಿ ಟವೆಲ್, ಬಟ್ಟೆ ಕತ್ತರಿಸಲು ಮೊಂಡು ತುದಿಯ ಕತ್ತರಿ, ಒಂದು ಮಾರ್ಕರ್ ಪೆನ್ನು. ಗಾಡಿ ನಂಬರ್, ಪಿಲ್ಲರ್ ನಂಬರ್ ಎರಡನ್ನೂ ಕೈ ಮೇಲೇ ಬರೆದುಕೊಳ್ಳುತ್ತೇನೆ, ಮಳೆಯಲ್ಲಿ ಕಾಗದ ನಿಲ್ಲುವುದಿಲ್ಲ. ಗ್ಲೌಸನ್ನು ಕೆಲವು ಮೆಡಿಕಲ್ ಸ್ಟೋರಿನವರು ಬಿಡಿಯಾಗಿಯೂ ಕೊಡುತ್ತಾರೆ, ಕೇಳಿ ನೋಡಿ. ಟ್ರಾಫಿಕ್ ತಿರುಗಿಸಲು ಸೀಟಿ ಬೇಕಾಗುತ್ತದೆ, ಅದು ಹೇಗೂ ಡ್ಯೂಟಿಯದೇ ಇದೆ.