ಏಳು ಗೆರೆ ಸರಿ, ಎಂಟನೆಯದು ಮಂಜು

ಬೋರ್ಡು ನನ್ನ ಮೇಜಿಗೆ ಬಂದದ್ದು ಗೋಣಿಚೀಲದಲ್ಲಿ. ಬಿಚ್ಚಿ ಅಲುಗಾಡಿಸಿದರೆ ಐಸಿಗಳ (ಚಿಪ್ಪುಗಳ) ಸಂದಿಯಿಂದ ತೊಗರಿ ಹೊಟ್ಟು ಉದುರಿತು. ಕಲಬುರಗಿಯಲ್ಲಿ ವಿಡಿಯೊ ಗೇಮ್ ಅಂಗಡಿ ನಡೆಸಿ ಮುಚ್ಚಿದವರೊಬ್ಬರು ಅದನ್ನು ಗೋದಾಮಿನ ಅಟ್ಟದಲ್ಲಿ ಇಟ್ಟಿದ್ದರಂತೆ. ಜಪಾನಿನ ನಾಮ್ಕೊ ಕಂಪನಿ 1979ರಲ್ಲಿ ಹೊರತಂದ, ಹುಳುಗಳಂಥ ಶತ್ರುಗಳನ್ನು ಹೊಡೆಯುವ ಗ್ಯಾಲಕ್ಸಿಯನ್ ಆಟದ ನಕಲು ಬೋರ್ಡು ಅದು. ಕಲಬುರಗಿಯ ಶರಣಬಸವೇಶ್ವರರ, ಅಂದರೆ ಅಪ್ಪನ ಜಾತ್ರೆಯ ಡೇರೆಯಲ್ಲಿ ಇದೇ ಆಟಕ್ಕೆ ಎಷ್ಟು ನಾಣ್ಯ ಸುರಿದಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಕೂಲಿ ಮಾತಾಡದೆ ಒಪ್ಪಿಕೊಂಡೆ.

ನನ್ನ ಹತ್ತಿರ ಇರುವ ಸಲಕರಣೆಗಳೆಲ್ಲ ಹಳೆಯವು. ಕಾಲೇಜೊಂದರ ಹರಾಜಿನಲ್ಲಿ ಕೊಂಡ 20 ಮೆಗಾಹರ್ಟ್ಸ್‌ನ ಎರಡು ಚಾನೆಲ್ಲಿನ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಯಂತ್ರ), ಮುಳ್ಳಿನ ಮಲ್ಟಿಮೀಟರ್, ಪಿನ್ನಿನಲ್ಲಿ ಒಂದಿದೆಯೋ ಸೊನ್ನೆಯಿದೆಯೋ ಎಂದು ಕೆಂಪು ಹಸಿರು ದೀಪಗಳಲ್ಲಿ ತೋರಿಸುವ ಒಂದು ಲಾಜಿಕ್ ಪ್ರೋಬ್. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಒಮ್ಮೆ ಎಚ್‌ಪಿ ಕಂಪನಿಯ ಸಿಗ್ನೇಚರ್ ಅನಲೈಸರ್ ಕಂಡಿತ್ತು. ಒಂದು ತಂತಿಯಲ್ಲಿ ಹರಿಯುವ ಬಿಟ್‌ಗಳ ಸಾಲನ್ನೆಲ್ಲ ನಾಲ್ಕು ಅಕ್ಷರಗಳ ಗುರುತಾಗಿ ತೋರಿಸುವ 1977ರ ಯಂತ್ರ. ಅದರಲ್ಲಿ ಒಂಬತ್ತರ ಮುಂದಿನ ಅಕ್ಷರಗಳು ಎ, ಸಿ, ಎಫ್, ಎಚ್, ಪಿ, ಯು. ಏಳು ಗೆರೆಯ ಅಂಕಿ ದೀಪದಲ್ಲಿ ಬಿ ಎಂಬುದು ಆರರಂತೆ ಕಾಣುತ್ತದೆಂದು ಬಿಟ್ಟಿದ್ದಾರೆ. ಅಂದು ಜೇಬಿನಲ್ಲಿ ರೈಲಿನ ಟಿಕೆಟ್ಟಿಗಷ್ಟೇ ದುಡ್ಡಿತ್ತು.

ಕರೆಂಟು ಕೊಟ್ಟೆ. ಪರದೆ ತುಂಬ ಚೂರುಪಾರು ಅಕ್ಷರಗಳು, ಕಣ್ಣು ಮಿಟುಕಿಸುವುದರೊಳಗೆ ಇನ್ನೊಂದು ಬಗೆಯ ಚೂರುಗಳು. ಮೊದಲು ಮಲ್ಟಿಮೀಟರ್ ಹಿಡಿದೆ. ಸಪ್ಲೈ ಬಾಯಲ್ಲಿ 5 ವೋಲ್ಟ್ ಸರಿಯಾಗಿತ್ತು. ಬೋರ್ಡಿನ ಸಿಪಿಯು, ಅಂದರೆ ಮಿದುಳಾದ ಝಡ್80ಯ 11ನೇ, ಕರೆಂಟು ಪಡೆಯುವ ಪಿನ್ನಿನಲ್ಲಿ 4.6ಕ್ಕೆ ಇಳಿದಿತ್ತು. ಈ ಬೋರ್ಡಿನಲ್ಲಿರುವ ಟಿಟಿಎಲ್ ಜಾತಿಯ ಐಸಿಗಳಿಗೆ 4.75ಕ್ಕಿಂತ ಕಡಿಮೆಯಾದರೆ ಭರವಸೆಯಿಲ್ಲ. ಕನೆಕ್ಟರಿನ ಅಂಚು ಕಪ್ಪಾಗಿತ್ತು. ಶಾಯಿ ಅಳಿಸುವ ರಬ್ಬರಿನಿಂದ ತಿಕ್ಕಿದೆ, 4.9 ಬಂತು. ಪರದೆ ಮಾತ್ರ ಹಾಗೆಯೇ ಇತ್ತು.

ಇಲ್ಲಿ ನಾನು ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ. ಆ ಕಾಲದ ಬೋರ್ಡುಗಳಲ್ಲಿ 2114 ಎಂಬ ರ‍್ಯಾಮ್‌ಗಳು ಹೋಗುವುದು ಸಾಮಾನ್ಯ ಎಂದು ಕೇಳಿ ಕೇಳಿ, ಅಳತೆಯೇ ಮಾಡದೆ ಎರಡನ್ನು ಕಿತ್ತೆ. ಎರಡೂ ಚೆನ್ನಾಗಿದ್ದವು. ಕೀಳುವಾಗ ಬೋರ್ಡಿನ ತಾಮ್ರದ ಒಂದು ಗೆರೆಯೂ ಎದ್ದು ಬಂತು.

ಮರುದಿನ ಬುದ್ಧಿ ಬಂತು. ಏಪ್ರಿಲ್ ತಿಂಗಳ ಒಣ ಗಾಳಿಯಲ್ಲಿ ಸ್ಥಿರ ವಿದ್ಯುತ್ತಿನ ಕಾಟ ಇರುತ್ತದೆಂದು ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಆಸಿಲೋಸ್ಕೋಪ್ ಹಾಕಿ ಅರ್ಧ ಗಂಟೆ ಬಿಸಿಯಾಗಲು ಬಿಟ್ಟೆ. ಸ್ಕೋಪಿನ ಪ್ರೋಬನ್ನು ಸಿಗ್ನಲ್ಲನ್ನು ಹತ್ತರಲ್ಲೊಂದು ಪಾಲು ಮಾಡುವ 10ಎಕ್ಸ್‌ನಲ್ಲೇ ಇಡಬೇಕು. 1ಎಕ್ಸ್‌ನಲ್ಲಿ ಅದರ ಕೆಪಾಸಿಟೆನ್ಸ್ ಭಾರಕ್ಕೆ ಬೋರ್ಡಿಗೆ ತಾಳ ಹಾಕುವ ಕ್ರಿಸ್ಟಲ್ ನಿಂತುಹೋಗಬಹುದು. 18.432 ಮೆಗಾಹರ್ಟ್ಸ್‌ನ ಕ್ರಿಸ್ಟಲ್ ಗಡಿಯಾರ ನನ್ನ ಸ್ಕೋಪಿಗೆ ಏದುಸಿರು, ಚೌಕದ ಅಲೆ ದುಂಡಗೆ ಕಂಡಿತು. ಅದನ್ನು ಆರರಿಂದ ಭಾಗಿಸಿ ಝಡ್80ಯ 6ನೇ ಪಿನ್ನಿಗೆ ಬರುವ 3.072 ಮೆಗಾಹರ್ಟ್ಸ್ ಮಾತ್ರ ಸ್ಪಷ್ಟವಾಗಿತ್ತು: ಸ್ಕೋಪಿನ ಪರದೆಯ ಒಂದು ಮನೆಗೆ 0.1 ಮೈಕ್ರೊಸೆಕೆಂಡ್ ಇಟ್ಟಾಗ ಒಂದೊಂದು ಸುತ್ತು ಮೂರೂಕಾಲು ಮನೆ. ಆದರೆ 26ನೇ ಪಿನ್ನು, ಅಂದರೆ ರೀಸೆಟ್, ಮತ್ತೆ ಮತ್ತೆ ಕೆಳಗಿಳಿಯುತ್ತಿತ್ತು. ಪ್ರೋಗ್ರಾಮು ಆಗಾಗ ಬಂದು ತಟ್ಟದಿದ್ದರೆ ವಾಚ್‌ಡಾಗ್ ಸರ್ಕ್ಯೂಟು ಸಿಪಿಯುವನ್ನು ಮೊದಲಿನಿಂದ ಶುರು ಮಾಡಿಸುತ್ತದೆ. ಹಾಗಾದರೆ ಝಡ್80 ಓಡುತ್ತಿದೆ, ಓದುತ್ತಿರುವುದು ಮಾತ್ರ ಕಸ.

ಸಿಪಿಯುವಿಗೆ ಡೇಟಾ ದಾಟಿಸುವ ಎಂಟು ಗೆರೆಗಳ ದಾರಿಯ (ಡೇಟಾ ಬಸ್) ಬಾಗಿಲಾದ 74ಎಲ್‌ಎಸ್245 ಬಫರಿಗೆ ಲಾಜಿಕ್ ಪ್ರೋಬ್ ಇಟ್ಟಾಗ ಒಂದು ಪಿನ್ನಿನಲ್ಲಿ ಎರಡು ದೀಪಗಳೂ ಸರಿಯಾಗಿ ಹತ್ತಲಿಲ್ಲ. ಇದನ್ನೇ ನೆಚ್ಚಿ ತೀರ್ಪು ಕೊಡುವಂತಿಲ್ಲ. ಯಾರೂ ಮಾತಾಡದ ಹೊತ್ತಿನಲ್ಲಿ ಡೇಟಾ ಬಸ್ ತೇಲುವುದು, ಅಂದರೆ ಸೊನ್ನೆಯೂ ಅಲ್ಲದೆ ಒಂದೂ ಅಲ್ಲದೆ ಇರುವುದು, ಸಹಜ. ಬಫರ್ ಬಾಯಿ ತೆರೆದ ಆ ಗಳಿಗೆಯಲ್ಲಿ ಏನು ಹೇಳುತ್ತದೆ ಎಂಬುದೇ ಮುಖ್ಯ. ಎರಡು ಚಾನೆಲ್ ಬೇಕಾಗುವುದು ಇಲ್ಲಿ. ಮೊದಲನೆಯದನ್ನು 19ನೇ ಪಿನ್ನಿಗೆ, ಅಂದರೆ ಬಫರನ್ನು ತೆರೆಯುವ ಪಿನ್ನಿಗೆ ಕಟ್ಟಿ, ಅದು ಕೆಳಗಿಳಿದಾಗ ಸ್ಕೋಪ್ ಟ್ರಿಗರ್ ಆಗುವಂತೆ, ಅಂದರೆ ಗೆರೆ ಎಳೆಯಲು ಶುರು ಮಾಡುವಂತೆ ಇಟ್ಟೆ. ಎರಡನೆಯದನ್ನು ಸಿಪಿಯು ಕಡೆಯ ಎಂಟು ಕಾಲುಗಳ ಮೇಲೆ ಒಂದೊಂದಾಗಿ ಆಡಿಸಿದೆ. ಏಳು ಕಾಲುಗಳಲ್ಲಿ ರೈಲು ಹಳಿಯಂತೆ ಎರಡು ಗೆರೆಗಳು ಬಂದವು: ಕೆಳಗಿನದು ಸೊನ್ನೆಯ ಹತ್ತಿರ, ಮೇಲಿನದು ಮೂರೂವರೆ ವೋಲ್ಟಿನಲ್ಲಿ. ಎಂಟನೆಯದರಲ್ಲಿ ಹಳಿಯೇ ಇರಲಿಲ್ಲ, 1.5 ವೋಲ್ಟಿನ ಆಸುಪಾಸಿನಲ್ಲಿ ಹಸಿರು ಮಂಜು ಮಾತ್ರ. 0.8ಕ್ಕಿಂತ ಕೆಳಗಿದ್ದರೆ ಸೊನ್ನೆ, 2ಕ್ಕಿಂತ ಮೇಲಿದ್ದರೆ ಒಂದು. ಇದು ಎರಡೂ ಅಲ್ಲ. ಐಸಿಯ ಒಳಗೆ ಆ ಕಾಲು ಕಡಿದುಹೋಗಿತ್ತು.

ಖಾತ್ರಿಗೆ ಹೊಸ 245 ಒಂದನ್ನು ಹಳೆಯದರ ಮೇಲೆ ಕೂಸುಮರಿ ಕೂರಿಸಿ, ಕಾಲಿಗೆ ಕಾಲು ತಾಗಿಸಿ ಒತ್ತಿ ಹಿಡಿದೆ. ಕಾಲು ಕಡಿದಿದ್ದರಷ್ಟೇ ಈ ಉಪಾಯ ನಡೆಯುತ್ತದೆ; ನೆಲಕ್ಕೆ ಅಂಟಿಕೊಂಡಿದ್ದರೆ ಮೇಲಿನವನು ಎಷ್ಟು ಎಳೆದರೂ ಏಳುವುದಿಲ್ಲ. ಪರದೆಯಲ್ಲಿ ನಕ್ಷತ್ರಗಳು ಬಂದವು, ಹಿಂದೆಯೇ ಹುಳುಗಳ ಸಾಲು. ಬೆರಳು ಸಡಿಲಿಸಿದೆ, ಮತ್ತೆ ಕಸ. ಒತ್ತಿದೆ, ಮತ್ತೆ ಹುಳುಗಳು. ಹೆಂಡತಿ ಊಟಕ್ಕೆ ಕರೆದದ್ದು ಮೂರನೆಯ ಸಲಕ್ಕೆ ಕೇಳಿಸಿತು.

ಹಳೆಯ ಐಸಿಯ ಕಾಲುಗಳನ್ನು ಮೊದಲು ಕತ್ತರಿಸಿ, ಆಮೇಲೆ ಒಂದೊಂದಾಗಿ ಬೆಸುಗೆ ಬಿಡಿಸಿ 20 ಪಿನ್ನಿನ ಸಾಕೆಟ್ ಹಾಕಿದೆ. ರ‍್ಯಾಮ್‌ಗಳನ್ನೂ ಹೀಗೆಯೇ ತೆಗೆದಿದ್ದರೆ ತಾಮ್ರದ ಗೆರೆ ಉಳಿಯುತ್ತಿತ್ತು. ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರಿಗೆ ಸ್ಕೋಪ್ ಹಚ್ಚುವವರಿಗೆ ಒಂದು ಮಾತು: ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದರ ಚಾಸಿಗೆ ಅರ್ತ್ ಕ್ಲಿಪ್ ಸಿಕ್ಕಿಸಬೇಡಿ, ಸ್ಕೋಪೂ ಹೋದೀತು, ನೀವೂ.

ಮಧ್ಯಾಹ್ನದ ಸೆಖೆಯಲ್ಲಿ ನಾಲ್ಕು ಗಂಟೆ ಓಡಿಸಿ ನೋಡಿದೆ, ಎರಡು ಸಲ ಕರೆಂಟು ಹೋಗಿ ಬಂದರೂ ತಕರಾರಿಲ್ಲ. ಬೋರ್ಡಿನ ಹಿಂಬದಿಯಲ್ಲಿ, ರ‍್ಯಾಮ್ ಸಾಕೆಟ್ಟಿನ ಪಕ್ಕ, ನಾನು ಕಿತ್ತ ಗೆರೆಯ ಬದಲಿಗೆ ಒಂದು ನೀಲಿ ತಂತಿ ಇದೆ. ಒಪ್ಪಿಸುವಾಗ ಅದನ್ನು ಮಾಲೀಕರಿಗೆ ತೋರಿಸಿಯೇ ಕೊಟ್ಟೆ.