ಎಂಸಿಬಿ ಕಾಯುವುದು ವೈರನ್ನು, ಗೀಸರನ್ನಲ್ಲ

"ಪದೇ ಪದೇ ಬೀಳ್ತೈತ್ರಿ, ದೊಡ್ಡದೊಂದು ಹಾಕಿಬಿಡ್ರಿ." ರಾಯಚೂರಿನಲ್ಲಿ ಬಿಸಿಲು ಏರಿದ ಮೇಲೆ ವೈರಿಂಗ್ ಕೆಲಸದವರಿಗೆ ಈ ಮಾತು ಕೇಳದ ದಿನವಿಲ್ಲ. ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚೇ ಎಂಸಿಬಿ. 16 ಆಂಪಿಯರಿನದು ತೆಗೆದು 32ರದ್ದು ಕೂರಿಸಿದರೆ ಬೀಳುವುದೇನೋ ನಿಲ್ಲುತ್ತದೆ. ಗೋಡೆಯೊಳಗಿನ ವೈರು ಮಾತ್ರ ಹಳೆಯದೇ. ಎಂಸಿಬಿ ಇರುವುದೇ ಆ ವೈರು ಸುಡದಂತೆ ನೋಡಿಕೊಳ್ಳಲು. ಹಾಗಾಗಿ ಮನೆಯ ಲೋಡ್ ಹೊಂದಿಸುವಾಗ ನಾನು ಮೊದಲು ನೋಡುವುದು ವೈರನ್ನು, ಆಮೇಲೆ ಎಂಸಿಬಿಯನ್ನು. ಇಲ್ಲಿ ಬರೆದಿರುವುದು ಒಂದು ಹಳೆ ಮನೆಯಲ್ಲಿ ಹೀಗೆ ಮಾಡಿದ ಕೆಲಸದ ವಿವರ.

ಮನೆ ಎರಡು ರೂಮು, ಹಾಲ್, ಅಡುಗೆಮನೆಯದು. ಆರ್‌ಸಿಸಿ ಮಾಳಿಗೆ, ಸಿಂಗಲ್ ಫೇಸ್. ಎಲ್ಲ ಪವರ್ ಪಾಯಿಂಟ್‌ಗಳಿಗೂ ಸೇರಿ ಒಂದೇ 32 ಆಂಪಿಯರ್ ಎಂಸಿಬಿ, ಅದರ ಹಿಂದೆ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು. ಗೀಸರ್ ಸಾಕೆಟ್ ಬಿಚ್ಚಿದಾಗ ಫೇಸ್ ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗಿನ ಹಿತ್ತಾಳೆ ಎಲೆ ಹಿಡಿತ ಕಳೆದುಕೊಂಡಿತ್ತು, ಸ್ಕ್ರೂ ಬೆರಳಿಗೇ ಅರ್ಧ ಸುತ್ತು ತಿರುಗಿತು. ವೈರಿನ ಹೊದಿಕೆ ಎರಡು ಇಂಚಿನಷ್ಟು ಒಣಗಿ, ಬಾಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಇಷ್ಟಾದರೂ ಎಂಸಿಬಿ ಒಮ್ಮೆಯೂ ಬಿದ್ದಿರಲಿಲ್ಲ.

ಬೀಳದಿದ್ದುದಕ್ಕೆ ಕಾರಣವಿದೆ. ಮನೆಬಳಕೆಯ ಎಂಸಿಬಿ ತನ್ನ ಮೇಲೆ ಬರೆದ ಆಂಪಿಯರ್‌ನ 1.13 ಪಟ್ಟು ಕರೆಂಟನ್ನು ಒಂದು ಗಂಟೆಯಾದರೂ ಬಿಡದೆ ತಡೆದುಕೊಳ್ಳಬೇಕು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಬೇಕು. ಅಂದರೆ 32ರ ಎಂಸಿಬಿ 36 ಆಂಪಿಯರ್ ಹರಿದರೂ ಸುಮ್ಮನಿರುತ್ತದೆ, 46 ಆಂಪಿಯರ್‌ಗೆ ಒಂದು ಗಂಟೆವರೆಗೆ ಕಾಯಬಹುದು. ಒಂದೂವರೆ ವೈರಿಗೆ ಅದರ ಅರ್ಧವೂ ಹೆಚ್ಚು.

ಆ ವೈರಿಗೆ ಎಷ್ಟು ಸರಿ ಎನ್ನುವಲ್ಲಿ ನಮ್ಮ ಬಿಸಿಲು ಲೆಕ್ಕಕ್ಕೆ ಬರುತ್ತದೆ. ಗೋಡೆಯ ಪೈಪಿನೊಳಗೆ ಪಿವಿಸಿ ಹೊದಿಕೆಯ ತಾಮ್ರದ ವೈರು ಒಂದೂವರೆಯದಾದರೆ 17.5, ಎರಡೂವರೆಯದು 24, ನಾಲ್ಕರದು 32 ಆಂಪಿಯರ್ ಎಂದು ವೈರು ತಡೆಯುವ ಕರೆಂಟಿನ ಕೋಷ್ಟಕದಲ್ಲಿದೆ. ಅದು ಸುತ್ತಲಿನ ಗಾಳಿ 30 ಡಿಗ್ರಿ ಇದ್ದಾಗಿನ ಮಾತು. ಮೇ ತಿಂಗಳಲ್ಲಿ ಇಲ್ಲಿ ನೆರಳೇ 40 ದಾಟುತ್ತದೆ, ಕಾದ ಮಾಳಿಗೆಯೊಳಗಿನ ಪೈಪಿನ ಪಾಡು ಇನ್ನೂ ಬೇರೆ. 45 ಡಿಗ್ರಿಗೆ ಆ ಅಂಕಿಗಳನ್ನು 0.79ರಿಂದ, 50ಕ್ಕೆ 0.71ರಿಂದ ಗುಣಿಸಬೇಕು. 45ರಲ್ಲಿ ಒಂದೂವರೆ ವೈರು 13.8ಕ್ಕೆ, ಎರಡೂವರೆ 19ಕ್ಕೆ, ನಾಲ್ಕು 25ಕ್ಕೆ ಇಳಿಯುತ್ತದೆ. ಒಂದೇ ಪೈಪಿನಲ್ಲಿ ಎರಡು ಸರ್ಕ್ಯೂಟ್ ಎಳೆದರೆ ಮತ್ತೆ 0.8ರಿಂದ ಗುಣಿಸಬೇಕು. ಆಗ ಎರಡೂವರೆ ವೈರು 15 ಆಂಪಿಯರ್‌ಗೆ ಬಂದು ನಿಲ್ಲುತ್ತದೆ, 16ರ ಎಂಸಿಬಿಗೂ ಅದು ಸಾಲದು. ಅದಕ್ಕೇ ಎಸಿ ಮತ್ತು ಗೀಸರಿಗೆ ಬೇರೆ ಬೇರೆ ಪೈಪು ಹಾಕಿದೆ. ಪೈಪು ಉಳಿಸಲು ಹೋಗಿ ಎಲ್ಲವನ್ನೂ ಒಂದರಲ್ಲೇ ತುರುಕುವುದು ನಮ್ಮ ಕಡೆ ಬಹಳ. ತಂಪು ಊರಿನಲ್ಲಿ ನಡೆದುಹೋಗುವುದು ಇಲ್ಲಿ ನಡೆಯುವುದಿಲ್ಲ.

ನಂತರ ಸಾಮಾನುಗಳ ಪಟ್ಟಿ. ಕಾಯಿಸುವ ಸಾಮಾನಾದರೆ ಲೆಕ್ಕ ಸುಲಭ, ಹಿಂದಿನ ಚೀಟಿಯ ವ್ಯಾಟ್‌ಗಳನ್ನು 230ರಿಂದ ಭಾಗಿಸಿದರೆ ಸಾಕು. 2,000 ವ್ಯಾಟ್ ಗೀಸರ್ 8.7 ಆಂಪಿಯರ್, ಅಷ್ಟೇ ವ್ಯಾಟ್‌ನ ಇಂಡಕ್ಷನ್ ಒಲೆಯೂ 8.7. ಇಸ್ತ್ರಿ ಪೆಟ್ಟಿಗೆ 1,000 ವ್ಯಾಟ್, 4.3. ಮಿಕ್ಸರ್ 750 ವ್ಯಾಟ್, 3.3. ಮೋಟರ್ ಇರುವ ಸಾಮಾನಿಗೆ ಈ ಭಾಗಾಕಾರ ನೆಚ್ಚುವ ಹಾಗಿಲ್ಲ. ಸಂಪಿನ 1 ಎಚ್‌ಪಿ ಮೋಟರಿಗೆ 746 ವ್ಯಾಟ್ ಎಂದು ಲೆಕ್ಕ ಹಾಕಿದರೆ 3.2 ಆಂಪಿಯರ್ ಬರುತ್ತದೆ, ಕ್ಲ್ಯಾಂಪ್ ಮೀಟರ್ 6.5 ತೋರಿಸಿತು. 746 ಎನ್ನುವುದು ಮೋಟರ್ ಹೊರಗೆ ಕೊಡುವ ಶಕ್ತಿ, ಅದು ಲೈನಿನಿಂದ ಎಳೆಯುವುದು ಅದಕ್ಕಿಂತ ಬಹಳ ಹೆಚ್ಚು. ಒಂದೂವರೆ ಟನ್ ಎಸಿ ಓಡುವಾಗ 7.5 ಆಂಪಿಯರ್ ಇತ್ತು. ವೋಲ್ಟೇಜ್ ಇಳಿದಾಗ ಗೀಸರ್ ಕಡಿಮೆ ಎಳೆದು ನಿಧಾನವಾಗಿ ಕಾಯುತ್ತದೆ. ಮೋಟರ್ ಮಾತ್ರ ಅದೇ ನೀರೆತ್ತಲು ಹೆಚ್ಚು ಕರೆಂಟ್ ಎಳೆಯುತ್ತದೆ. ಬೇಸಿಗೆ ಸಂಜೆ ಮೋಟರ್ ಕಾಯಿಲ್ ಸುಡುವುದಕ್ಕೆ ಇದೂ ಒಂದು ಕಾರಣ.

ಲೈಟು, ಫ್ಯಾನು, 6 ಆಂಪಿಯರ್ ಸಾಕೆಟ್‌ಗಳನ್ನು ಎರಡು ಸರ್ಕ್ಯೂಟ್ ಮಾಡಿದೆ. ಅಲ್ಲಿದ್ದ ಒಂದೂವರೆ ವೈರಿನಲ್ಲಿ ಚೆನ್ನಾಗಿದ್ದುದನ್ನು ಉಳಿಸಿ 10 ಆಂಪಿಯರ್ ಎಂಸಿಬಿ ಕೊಟ್ಟೆ. ಕೂಲರ್ 200 ವ್ಯಾಟ್ ಮಾತ್ರ, ಅದು ಇಲ್ಲೇ ನಡೆಯುತ್ತದೆ. ಅಡುಗೆಮನೆಗೆ ಎರಡೂವರೆ ವೈರಿನ ಎರಡು ಲೈನ್, ತಲಾ 16 ಆಂಪಿಯರ್. ಒಂದು ಇಂಡಕ್ಷನ್ನಿಗೇ ಮೀಸಲು, ಇನ್ನೊಂದರಲ್ಲಿ ಫ್ರಿಜ್ ಮತ್ತು ಮಿಕ್ಸರ್. ಗೀಸರಿಗೆ ಬೇರೆಯೇ ಎರಡೂವರೆ ವೈರು, 16 ಆಂಪಿಯರ್. ಅದು 3,000 ವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ಆಗಿದ್ದರೆ 13 ಆಂಪಿಯರ್ ಎಳೆಯುತ್ತಿತ್ತು, ಆಗ ನಾಲ್ಕರ ವೈರನ್ನೇ ಎಳೆಯುತ್ತಿದ್ದೆ. ಎಸಿಗೆ ನಾಲ್ಕರ ವೈರು, 20 ಆಂಪಿಯರ್ ಎಂಸಿಬಿ, 20 ಆಂಪಿಯರ್ ಪಿನ್ನಿನ ಎಸಿ ಬಾಕ್ಸ್. ಮಾಳಿಗೆ 50 ಡಿಗ್ರಿ ಕಾದರೂ ನಾಲ್ಕರ ವೈರು 22 ಆಂಪಿಯರ್ ತಡೆಯುತ್ತದೆ, 20ಕ್ಕೆ ಸಾಲುತ್ತದೆ. ಈ ಲೈನ್‌ಗಳಿಗೆಲ್ಲ ಫೇಸಿನಷ್ಟೇ ದಪ್ಪದ ಹಸಿರು ಅರ್ಥ್ ವೈರನ್ನು ಜೊತೆಗೇ ಎಳೆದೆ.

ಎಂಸಿಬಿ ಮೇಲೆ ಸಂಖ್ಯೆಗೆ ಮೊದಲು ಬಿ, ಸಿ ಎಂಬ ಅಕ್ಷರ ಇರುತ್ತದೆ. ಕೊಳ್ಳುವವರು ಅದನ್ನು ನೋಡುವುದು ಅಪರೂಪ. ಬಿ ಆದರೆ ತನ್ನ ಆಂಪಿಯರ್‌ನ 3ರಿಂದ 5 ಪಟ್ಟಿಗೆ ತಟ್ಟನೆ ಬೀಳುತ್ತದೆ, ಸಿ ಆದರೆ 5ರಿಂದ 10 ಪಟ್ಟಿಗೆ. 1 ಎಚ್‌ಪಿ ಮೋಟರ್ ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು, ಹತ್ತಿರ ಹತ್ತಿರ 40 ಆಂಪಿಯರ್ ಎಳೆಯುತ್ತದೆ. 10 ಆಂಪಿಯರ್ ಬಿ ಆಗಿದ್ದರೆ 30ರಿಂದ 50ರೊಳಗೆ ಬೀಳುತ್ತದೆ, ಮೋಟರ್ ತಿರುಗುವ ಮೊದಲೇ ಕೆಳಗೆ ಬಂದುಬಿಡಬಹುದು. ಅದೇ 10ರ ಸಿ ಹಾಕಿದರೆ ಶುರುವಿಗೆ ತಡೆದುಕೊಂಡು, ಮೋಟರ್ ಜಾಮ್ ಆಗಿ ಹೆಚ್ಚು ಎಳೆದಾಗ ಬೀಳುತ್ತದೆ. ಇಲ್ಲಿ ಬದಲಿಸಬೇಕಾದದ್ದು ಅಕ್ಷರವನ್ನು, ಆಂಪಿಯರನ್ನಲ್ಲ. ಮೋಟರಿಗೂ ಎಸಿಗೂ ಸಿ, ಗೀಸರಿಗೆ ಬಿ ಹಾಕಿದೆ.

ಬೆಳಿಗ್ಗೆ ಗೀಸರ್, ಇಂಡಕ್ಷನ್, ಮಿಕ್ಸರ್, ಮೋಟರ್ ಒಟ್ಟಿಗೇ ಓಡಿದರೆ 27 ಆಂಪಿಯರ್ ಚಿಲ್ಲರೆ. ಮೇನ್ 32 ಆಂಪಿಯರ್, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಇಟ್ಟೆ. ಮೀಟರಿನಿಂದ ಎಂಸಿಬಿಗಳು ಕೂರುವ ಪೆಟ್ಟಿಗೆ, ಅಂದರೆ ಡಿಬಿವರೆಗೆ 10 ಸ್ಕ್ವೇರ್ ಎಂಎಂ ವೈರು, ವೋಲ್ಟೇಜ್ ದಾರಿಯಲ್ಲೇ ಸೋರಬಾರದೆಂದು. ಆರ್‌ಸಿಸಿಬಿ 40 ಆಂಪಿಯರಿನದು, 30 ಮಿಲಿ ಆಂಪಿಯರ್ ಕರೆಂಟ್ ಭೂಮಿಗೆ ಸೋರಿದರೂ ಬೀಳುವಂಥದ್ದು. ಆರ್‌ಸಿಸಿಬಿಗೆ ಓವರ್‌ಲೋಡ್ ತಿಳಿಯುವುದಿಲ್ಲ, ಅದರ ಆಂಪಿಯರ್ ಮೇನ್‌ಗಿಂತ ಕಡಿಮೆ ಇರಬಾರದು. ಮಂಜೂರಾದ ಲೋಡ್ ಇಷ್ಟಕ್ಕೆ ಸಾಲದಿದ್ದರೆ ಮೊದಲು ಜೆಸ್ಕಾಂಗೆ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ ಅರ್ಜಿ ಕೊಡಬೇಕು. ಮೀಟರ್ ಸೀಲ್ ಮುಟ್ಟುವುದು ನಮ್ಮ ಕೆಲಸವಲ್ಲ.

ಆರ್‌ಸಿಸಿಬಿ ಬೇಡ, ಅರ್ಥಿಂಗ್ ಇದೆಯಲ್ಲ ಎನ್ನುವವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ. ಎರಿ ಮಣ್ಣು ಬೇಸಿಗೆಗೆ ಬಿರುಕು ಬಿಟ್ಟು ಅರ್ಥ್ ಪೈಪನ್ನು ಬಿಟ್ಟು ನಿಲ್ಲುತ್ತದೆ. ಈ ಮನೆಯ ಗುಂಡಿಯಲ್ಲಿ ಅಳತೆ 14 ಓಮ್ ಬಂತು. ಗೀಸರ್ ಒಳಗೆ ಫೇಸ್ ಡಬ್ಬಿಗೆ ತಾಗಿದರೆ 230 ಭಾಗಿಸು 14, ಅಂದರೆ 16 ಆಂಪಿಯರ್ ಮಾತ್ರ ಭೂಮಿಗೆ ಹರಿಯುತ್ತದೆ. 16ರ ಬಿ ಎಂಸಿಬಿ ತಟ್ಟನೆ ಬೀಳಲು ಕನಿಷ್ಠ 48 ಬೇಕು. ಗೀಸರ್ ಡಬ್ಬಿ, ನಲ್ಲಿ ಎಲ್ಲ ಕರೆಂಟ್ ಹಿಡಿದುಕೊಂಡೇ ಇರುತ್ತವೆ. ನೀರು ಸುರಿದು 3 ಓಮ್‌ಗೆ ಇಳಿಸಿದರೂ 77 ಆಂಪಿಯರ್, ಸಿ ಎಂಸಿಬಿಗೆ ಅದೂ ಖಾತ್ರಿಯಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎರಡರಲ್ಲೂ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಮಕ್ಕಳಿರುವ ಮನೆಯಲ್ಲಿ ಇದೊಂದನ್ನು ಬಿಟ್ಟು ದುಡ್ಡು ಉಳಿಸಬೇಡಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಬೇಕು.

ಕೂರಿಸಿದ ದಿನ ಆರ್‌ಸಿಸಿಬಿ ಮೇಲೆ ನಿಲ್ಲಲೇ ಇಲ್ಲ, ಎತ್ತಿದಂತೆಲ್ಲ ಬೀಳುತ್ತಿತ್ತು. ಸಾಮಾನು ಕೆಟ್ಟಿರಲಿಲ್ಲ. ಇನ್ವರ್ಟರ್ ಲೈನಿನ ಫೇಸ್ ಆರ್‌ಸಿಸಿಬಿಯ ಹೊರಗಿನಿಂದ ಬಂದು, ನ್ಯೂಟ್ರಲ್ ಮಾತ್ರ ಒಳಗಿನ ಬಾರ್‌ಗೆ ಸೇರಿತ್ತು. ಹೋದ ಕರೆಂಟೂ ತಿರುಗಿ ಬಂದ ಕರೆಂಟೂ ಸಮ ಬರದೆ ಬೀಳುತ್ತಿತ್ತು. ಇನ್ವರ್ಟರ್ ನ್ಯೂಟ್ರಲ್ ಬಿಡಿಸಿ ಬೇರೆ ಬಾರ್‌ಗೆ ಹಾಕಿದ ಮೇಲೆ ನಿಂತಿತು.

ಡಿಬಿ ಇದ್ದದ್ದು ಪಡುವಣ ಗೋಡೆಯ ಮೇಲೆ. ಎಂಸಿಬಿಯ ಒಳಗೆ ಬಿಸಿಗೆ ಬಾಗಿ ಅದನ್ನು ಬೀಳಿಸುವ ಪಟ್ಟಿಯನ್ನೂ 30 ಡಿಗ್ರಿಗೇ ಹೊಂದಿಸಿರುತ್ತಾರೆ, ಕಾದ ಪೆಟ್ಟಿಗೆಯಲ್ಲಿ ಅದು ಬರೆದ ಆಂಪಿಯರ್‌ಗಿಂತ ಮೊದಲೇ ಬೀಳುತ್ತದೆ. ಮಧ್ಯಾಹ್ನ ಮಾತ್ರ ಬೀಳುವ ಎಂಸಿಬಿಯ ಕಾರಣ ಎಷ್ಟೋ ಸಲ ಇದೇ. ಡಿಬಿಯನ್ನು ಒಳಗಿನ ನೆರಳಿನ ಗೋಡೆಗೆ ಸರಿಸಿ, ಎಸಿ ಮತ್ತು ಗೀಸರ್ ಎಂಸಿಬಿಗಳ ಮಧ್ಯೆ ಒಂದು ಖಾಲಿ ಜಾಗ ಬಿಟ್ಟೆ.

16ರ ಪ್ಲಗ್ಗನ್ನು 6ರ ಸಾಕೆಟ್‌ಗೆ ಹಾಕುವ ಕನ್ವರ್ಟರ್ ಎರಡು ಸಿಕ್ಕವು, ಎರಡನ್ನೂ ತೆಗೆಸಿದೆ. ಅದು ಪಿನ್ನಿನ ಅಳತೆ ಬದಲಿಸುತ್ತದೆ, ಗೋಡೆಯ ವೈರನ್ನಲ್ಲ.

ಕೆಲಸ ಮುಗಿದ ಮೇಲೆ ಗೀಸರ್, ಎಸಿ, ಇಂಡಕ್ಷನ್ ಒಂದು ಗಂಟೆ ಓಡಿಸಿ ಪ್ರತಿ ಲೈನಿಗೂ ಕ್ಲ್ಯಾಂಪ್ ಹಾಕಿ ನೋಡಿದೆ. ಆಮೇಲೆ ಪ್ಲಗ್ ತೆಗೆದು ಅದರ ಪಿನ್ನು ಮುಟ್ಟಿದೆ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಸಾಕೆಟ್ ಹಿಡಿತ ಸಡಿಲ. ಡಿಬಿ ಬಾಗಿಲಿನ ಒಳಗೆ ಯಾವ ಎಂಸಿಬಿ ಯಾವ ವೈರಿನದು ಎಂದು ಬರೆದು ಅಂಟಿಸಿದೆ, ಮುಂದೆ ಬರುವವರು ದೊಡ್ಡದು ಹಾಕುವ ಮುನ್ನ ಓದಲಿ ಎಂದು. ತಾಮ್ರ ಸ್ಕ್ರೂವಿನ ಕೆಳಗೆ ಒತ್ತಿಕೊಂಡು ಕೂರುತ್ತದೆ, ಆದ್ದರಿಂದ ತಿಂಗಳಾದ ಮೇಲೆ ಮೇನ್ ಇಳಿಸಿ ಟೆಸ್ಟರ್ ಹಿಡಿದು ನೋಡಿ ಎಲ್ಲವನ್ನೂ ಮತ್ತೊಮ್ಮೆ ಬಿಗಿ ಮಾಡಿದೆ. ಗೀಸರ್ ಎಂಸಿಬಿಯ ಸ್ಕ್ರೂ ಕಾಲು ಸುತ್ತು ತಿರುಗಿತು.