‘ಮಂಥನ್’ ತೋರಿಸುವ ಮೊದಲು ಮೂರು ಲೋಟ ಹಾಲು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿ ಹಾಲ್‌ನಲ್ಲಿ ಕನ್ನಡದ ಮನೆಗಳವರೆಲ್ಲ ಕೂಡಿ ಶ್ಯಾಮ್ ಬೆನೆಗಲ್ ಅವರ ‘ಮಂಥನ್’ (1976) ಸಿನಿಮಾ ನೋಡಿದೆವು. ಹಳ್ಳಿಯ ರೈತರು ಹಾಲಿನ ಸಹಕಾರಿ ಸಂಘ ಕಟ್ಟುವ ಕಥೆ ಅದು. ಮೊದಲ ಸಲ ಅರ್ಧ ಮಂದಿ ನಡುವೆಯೇ ಎದ್ದುಹೋದರು. “ಹಾಲಿನ ಸಿನಿಮಾದಾಗ ಏನೈತಿ ಅಕ್ಕಾ?” ಅಂದಳು ಪಕ್ಕದ ಮನೆಯ ಹುಡುಗಿ. ಪ್ಯಾಕೆಟ್ ಹಾಲು ಕುಡಿದು ಬೆಳೆದವಳಿಗೆ, ಖಾಸಗಿ ಡೇರಿಯ ಮಾಲೀಕ ಮಿಶ್ರಾ ರೈತರಿಂದ ಏನು ಕಸಿಯುತ್ತಿದ್ದಾನೆ ಎಂಬುದೇ ಕಾಣಲಿಲ್ಲ. ಎರಡನೇ ಸಲ ಹಾಲಿನಿಂದಲೇ ಶುರು ಮಾಡಿದೆ. ನೀವೂ ಹಾಗೇ ಮಾಡಿ.

ಹಕ್ಕುದಾರರ ಅನುಮತಿ ಪತ್ರ ಮೊದಲು ತರಿಸಿಕೊಳ್ಳಿ. 2024ರಲ್ಲಿ ಕಾನ್ ಉತ್ಸವದಲ್ಲಿ ತೋರಿಸಿದ, ಹೊಸದಾಗಿ ದುರಸ್ತಿಯಾದ ಪ್ರತಿಯನ್ನೇ ಕೇಳಿ. ಪರದೆ, ಸ್ಪೀಕರ್ ಬಾಡಿಗೆಗೆ ಸಿಗುತ್ತವೆ.

ಹಿಂದಿನ ದಿನ ತಬೇಲಾದಿಂದ (ಎಮ್ಮೆ ಕೊಟ್ಟಿಗೆಯಿಂದ) ಎರಡು ಲೀಟರ್ ಹಸಿ ಎಮ್ಮೆ ಹಾಲು ತನ್ನಿ. ಅರ್ಧವನ್ನು ರಾತ್ರಿ ಫ್ರಿಜ್‌ನಲ್ಲಿ ಅಲುಗಾಡಿಸದೆ ಇಟ್ಟು ಕೆನೆ ತೆಗೆಯಿರಿ. ಒಂದು ಲ್ಯಾಕ್ಟೋಮೀಟರ್ (ಹಾಲಿನಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ನೋಡುವ ಮಾಪಕ), ಮೂರು ಎತ್ತರದ ಗಾಜಿನ ಲೋಟ ಸಾಕು. ಮೂರರಲ್ಲೂ ಹಾಲು ಒಂದೇ ತಂಪಿನಲ್ಲಿರಲಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮೊದಲ ಲೋಟದ ಗಟ್ಟಿ ಹಾಲಿನಲ್ಲಿ ಮಾಪಕ 30ರ ಆಸುಪಾಸು ನಿಲ್ಲುತ್ತದೆ. ಎರಡನೆಯದಕ್ಕೆ ಕಾಲು ಭಾಗ ನೀರು ಬೆರೆಸಿ: ಮುಳುಗುತ್ತದೆ. ಹಗುರವಾದ ಕೆನೆ ತೆಗೆದ ಮೂರನೆಯದರಲ್ಲಿ ಮೇಲೇಳುತ್ತದೆ. ಈಗ ಅದಕ್ಕೇ ಚೂರುಚೂರು ನೀರು ಹಾಕುತ್ತ ಹೋಗಿ. ಮಾಪಕ ಇಳಿದು ಇಳಿದು ಮತ್ತೆ 30ಕ್ಕೇ ಬಂದು ನಿಲ್ಲುತ್ತದೆ! ಕೆನೆ ಹೋಯಿತು, ನೀರು ಸೇರಿತು, ಮಾಪಕ ಮಾತ್ರ ಸರಿಯಿದೆ ಅನ್ನುತ್ತದೆ. ಅದಕ್ಕೇ ಫ್ಯಾಟ್ (ಕೊಬ್ಬಿನಂಶ) ನೋಡಿ ದರ ಕಟ್ಟುವುದು. ಫ್ಯಾಟ್ ಪರೀಕ್ಷೆಗೆ ಗಂಧಕಾಮ್ಲ ಬೇಕು, ಅದನ್ನು ಮಕ್ಕಳ ಮುಂದೆ ಮಾಡಬೇಡಿ, ಬಾಯಲ್ಲೇ ಹೇಳಿ.

ಗೋಕಾಕದ ಕಡೆಯ ನಮ್ಮೂರಿನಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ. ಕೊಳ್ಳುವವ ತಂಬಿಗೆಯಲ್ಲಿ ಬೆರಳು ಅದ್ದಿ, “ತೆಳು ಐತಿ” ಅಂದರೆ ಅದೇ ದರ. ಅವ್ವ ಸೆರಗಿನಿಂದ ತಂಬಿಗೆಯ ಅಂಚು ಒರೆಸುತ್ತ ಸುಮ್ಮನೆ ನಿಂತಿರುತ್ತಿದ್ದಳು. ಇದನ್ನು ಹೇಳಿಯೇ ನಾನು ದೀಪ ಆರಿಸಿದ್ದು. ಸಿನಿಮಾದಲ್ಲಿ ಸಹಕಾರಿ ಸಂಘ ಕಟ್ಟಲು ಬಂದ ಡಾ. ರಾವ್ ಹಾಲಿನ ಪರೀಕ್ಷೆಗೆ ಹೊರಟಾಗ ಊರಿನ ದೊಡ್ಡವರಿಗೆ ಯಾಕೆ ಸಿಟ್ಟು ಎಂದು ಈ ಸಲ ಯಾರೂ ಕೇಳಲಿಲ್ಲ.

ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಈ ಚಿತ್ರ ಮಾಡಿಸಿದರು ಎಂಬುದನ್ನೂ ಮೊದಲೇ ತಿಳಿಸಿ. ರಾವ್ ಪಾತ್ರದ ಗಿರೀಶ ಕಾರ್ನಾಡರು ಹುಟ್ಟಿದ್ದು ನಮ್ಮ ರೈಲು ಲೈನಿನ ನೇರಳದ ಮೇಲಿನ ಮಾಥೇರಾನದಲ್ಲಿ. ಇದು ಕೇಳಿದರೆ ಹಿರಿಯರು ಕುರ್ಚಿ ಮುಂದೆ ಎಳೆದುಕೊಳ್ಳುತ್ತಾರೆ. ಹಿಂದಿಯಲ್ಲಿ ಗುಜರಾತಿ ಛಾಯೆಯಿದೆ, ಅರ್ಥವಾಗದವರ ಪಕ್ಕ ಬಲ್ಲವರನ್ನು ಕೂರಿಸಿ.

ಸ್ಮಿತಾ ಪಾಟೀಲರ ಬಿಂದು ತನಗೆ ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಚಹಾ ಹಂಚಬೇಡಿ, ಬಾಗಿಲು ತೆರೆಯಲೂ ಬೇಡಿ. ಚಿತ್ರ ಮುಗಿದ ಮೇಲೆ ಭಾಷಣ ಬೇಡ. ಉಳಿದ ಗಟ್ಟಿ ಹಾಲು ಕಾಯಿಸಿ ಚಹಾ ಕೊಡಿ, ಮಾತು ತಾನಾಗಿ ಹೊರಡುತ್ತದೆ. ನಮ್ಮಲ್ಲಿ ರಾತ್ರಿ ಹನ್ನೊಂದಾದರೂ ಯಾರೂ ಚಪ್ಪಲಿ ಮೆಟ್ಟಿರಲಿಲ್ಲ.